ರಾಜನ ಪರವಾಗಿ ಅಪ್ಪ

ಆಗೆಲ್ಲ ನಮ್ಮ ಸಿದ್ದಾಪುರದ ಕಡೆ ಯಾರಾದರೂ ಪುಕ್ಕಟೆ ಏನಾದರೂ ಕೊಡುತ್ತೇವೆಂದು ಬಂದರೆ, ನಾವು ಮೊದಲು ಅವರ ಚೀಲದ ಕಡೆ ನೋಡುತ್ತಿದ್ದೆವು. ಒಂಬತ್ತನೇ ಕ್ಲಾಸಿನ ಹಳಗನ್ನಡ ಪದ್ಯವನ್ನು ನಾಟಕ ಮಾಡಿ ತೋರಿಸಲು ಹೆಗ್ಗರಣೆ ಹತ್ತಿರದ ನಮ್ಮ ಹೈಸ್ಕೂಲಿಗೆ ಒಂದು ತಂಡ ಬರುತ್ತದೆ ಎಂದಾಗಲೂ ಅಷ್ಟೇ. ಪಕ್ಕದಲ್ಲಿ ಕೂರುತ್ತಿದ್ದ ಸುಮಾ ಪಿಸುಗುಟ್ಟಿದಳು: "ದುಡ್ಡು ಬ್ಯಾಡ್ದಡ. ಕಡಿಗೆ ಗೈಡು ಮಾರ್ತ, ನೋಡ್ತಾ ಇರು."

ನನ್ನ ಅನುಮಾನವೇ ಬೇರೆ. ಅಪ್ಪನ ತಂಗಿ, ಯಲ್ಲಾಪುರದ ಅತ್ತೆಗೆ ಮಕ್ಕಳಿರಲಿಲ್ಲ. ಬೇಸಿಗೆ ರಜೆ ಮುಗಿದ ಮೇಲೆ ನನ್ನನ್ನು ಅವಳಲ್ಲೇ ಬಿಡುವುದೆಂದು ಅಪ್ಪ ಮಾತು ಕೊಟ್ಟಾಗಿತ್ತು. ಪದ್ಯದಲ್ಲೂ ಅದೇ ಕತೆ! ಯುದ್ಧ ತಪ್ಪಿಸಲು ರಾಜನೊಬ್ಬ ಮಗಳನ್ನು ನೆರೆರಾಜ್ಯಕ್ಕೆ ಒಪ್ಪಿಸುತ್ತಾನೆ. ಅವಳು ತುಟಿ ಬಿಚ್ಚದೆ ಹೊರಡುತ್ತಾಳೆ. ಪುಸ್ತಕದ ತುಂಬ ಪದ್ಯಗಳಿರುವಾಗ ಇದೇ ಯಾಕೆ? ಕನ್ನಡ ಮೇಷ್ಟ್ರೂ ಅಪ್ಪನೂ ತಾಳಮದ್ದಳೆಯ ಜೊತೆಗಾರರು. ವೇಷವಿಲ್ಲದೆ ಕೂತಲ್ಲೇ ಪಾತ್ರವಾಗಿ ವಾದಿಸುವ ಆ ಆಟದಲ್ಲಿ ಅಪ್ಪನ ಬಾಯಿಗೆ ಸಿಕ್ಕವರು ಗೆದ್ದದ್ದಿಲ್ಲ. ಮನೆಯಲ್ಲಿ ಅವನು ಅರ್ಥ, ಅಂದರೆ ಪಾತ್ರದ ಮಾತು, ರೂಢಿ ಮಾಡಿಕೊಳ್ಳುವಾಗ ಎದುರು ಪಾತ್ರ ನನ್ನದೇ. ಇಬ್ಬರೂ ಸೇರಿ ನನ್ನ ಮನಸ್ಸು ತಿರುಗಿಸಲಿಕ್ಕೇ ಈ ನಾಟಕ ತರಿಸಿದ್ದಾರೆ ಎಂದು ನಾನು ನಂಬಿಬಿಟ್ಟೆ.

ನಾಟಕದ ದಿನ ಶಾಲೆಯ ಸಭಾಂಗಣದ ತುಂಬ ಬಿಸಿಯೂಟದ ಸಾರಿನ ಒಗ್ಗರಣೆ ವಾಸನೆ. ಪಾಲಕರನ್ನೂ ಕರೆದಿದ್ದರು; ಅಪ್ಪ ಎಲೆಅಡಿಕೆಯ ಕವಳ ಹಾಕಿಕೊಂಡು ಹಿಂದಿನ ಬೆಂಚಿನಲ್ಲಿದ್ದ. ರಟ್ಟಿನ ಕಿರೀಟದ ರಾಜನನ್ನು ಕಂಡು ಹುಡುಗರೆಲ್ಲ ಕಿಸಕ್ಕೆಂದರು. ಆಮೇಲೆ ರಾಜಕುಮಾರಿ ನಮ್ಮ ನಡುವೆಯೇ ನಡೆದು ಬಂದು ನನ್ನ ಪಕ್ಕ ನಿಂತಳು. ಪೌಡರು, ಬೆವರಿನ ವಾಸನೆ. ಅವಳ ಉಸಿರು ಕೇಳಿಸುತ್ತಿತ್ತು. ಪದ್ಯದ ಆ ಹುಡುಗಿಗೂ ಉಸಿರಿತ್ತೆಂದು ನನಗೆ ಹೊಳೆದದ್ದೇ ಆಗ.

ರಾಜ ಸಭೆಯತ್ತ ತಿರುಗಿದ. "ಪ್ರಜೆಗಳ ಪ್ರಾಣಕ್ಕಿಂತ ಒಬ್ಬ ಮಗಳು ಹೆಚ್ಚೇ?"

ನಾಟಕದವರ ಲೆಕ್ಕದಲ್ಲಿ ಅಲ್ಲಿ ಎಲ್ಲರೂ ಸುಮ್ಮನಿರಬೇಕಿತ್ತು. ಆದರೆ ಪಾತ್ರ ಪ್ರಶ್ನೆ ಕೇಳಿದ ಮೇಲೆ ಸುಮ್ಮನಿದ್ದರೆ ನಮ್ಮ ತಾಳಮದ್ದಳೆಯಲ್ಲಿ ಅದು ಸೋಲು. ಎದ್ದು ನಿಂತೆ.

"ಮಹಾರಾಜ, ಮಾತು ಕೊಟ್ಟವರು ನೀವು. ಹೋಗುವುದಾದರೆ ನೀವೇ ಹೋಗಿ!"

ಪಾಪ, ರಾಜ ಕಿರೀಟ ಹಿಡಿದುಕೊಂಡು ತಡಬಡಾಯಿಸಿದ. "ಕೂತ್ಕಳೇ ಕೂಸೆ!" ಎಂದು ಮೇಷ್ಟ್ರು ಗದರಿದರು. ಅಷ್ಟರಲ್ಲಿ ಹಿಂದಿನಿಂದ ಅಪ್ಪನ ಗಂಟೆಯಂಥ ದನಿ ಬಂತು.

"ಮಗಳೇ, ರಾಜನೇ ಹೊರಟರೆ ರಾಜ್ಯವನ್ನು ಕಾಯುವವರಾರು?"

"ಮನೆಯ ಮಗಳನ್ನೇ ಕಾಯದವರು ರಾಜ್ಯವನ್ನೇನು ಕಾಯುತ್ತೀರಿ?"

"ಅಲ್ಲಿ ನಿನಗೆ ಯಾವ ಕೊರತೆಯೂ ಇರದು."

"ಇರದೆಂದು ನೀವು ತೀರ್ಮಾನಿಸಿದಿರಿ. ನನ್ನನ್ನು ಒಂದು ಮಾತು ಕೇಳಿದಿರಾ?" ಅಲ್ಲಿಗೆ ರಾಜಕುಮಾರಿಯ ಭಾಷೆ ಹಾರಿಹೋಯಿತು. "ಕೇಳಿದ್ಯಾ ಅಪ್ಪ? ಆನು ಹೋಗ್ತ್ನಿಲ್ಲೆ."

ಇಡೀ ಸಭೆ ಅಪ್ಪನ ಬಾಯಿ ನೋಡಿತು. ಅವನು ನನ್ನನ್ನೇ ನೋಡುತ್ತಿದ್ದ. "ಇದಕ್ಕೆ ನನ್ನಲ್ಲಿ ಉತ್ತರವಿಲ್ಲ" ಎಂದು ಕೂತುಬಿಟ್ಟ. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವನು ಆ ರಾಜನೇ.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಆಡಿದ್ದು ಇಷ್ಟೇ: "ಅತ್ತೆಗೆ ಆನು ಹೇಳ್ತೆ."

ನಾನು ಯಲ್ಲಾಪುರಕ್ಕೆ ಹೋಗಲಿಲ್ಲ. ಆ ಪದ್ಯ ಇವತ್ತಿಗೂ ಬಾಯಿಗೆ ಬರುತ್ತದೆ. ಅನುಮಾನ ಮಾತ್ರ ಬಿಟ್ಟಿಲ್ಲ. ಅಂಥ ಪ್ರಶ್ನೆಗೆ ಅಪ್ಪನಲ್ಲಿ ಬೇಕಾದಷ್ಟು ಉತ್ತರಗಳಿದ್ದವು. ಜಗುಲಿಯಲ್ಲಿ ನನ್ನ ಮೇಲೇ ಎಷ್ಟೋ ಸಲ ಪ್ರಯೋಗಿಸಿದ್ದ. ತಂಗಿಗೆ ಕೊಟ್ಟ ಮಾತಿನಿಂದ ಬಿಡಿಸಿಕೊಳ್ಳಲು ಅವನಿಗೂ ಒಂದು ನೆಪ ಬೇಕಿತ್ತೇ? ಮೇಷ್ಟ್ರು ಆ ಪದ್ಯ ಆರಿಸಿದ್ದು ಅದಕ್ಕೇ ಇರಬಹುದೇ? ಕೇಳೋಣವೆಂದರೆ ಇಬ್ಬರೂ ಇಲ್ಲ.

ನನ್ನ ಮಗಳ ಕ್ಲಾಸಿನಲ್ಲಿ ಈಗ ಪದ್ಯಗಳು ಪರದೆಯ ಮೇಲೆ ಬರುತ್ತವೆ. ಎದ್ದು ನಿಂತು ಉತ್ತರ ಕೊಟ್ಟರೆ ಪರದೆ ತಡಬಡಾಯಿಸುವುದಿಲ್ಲ. ನಾನೂ ಊರಿಗೆಲ್ಲ ಜೋರುಬಾಯಿಯವಳು ಅನ್ನಿಸಿಕೊಂಡಿದ್ದೇನೆ, ಎಲ್ಲ ವಾದವನ್ನೂ ಗೆಲ್ಲುತ್ತೇನೆ. ಗೆದ್ದ ಕೂಡಲೇ ಎದುರಿನವರ ಮುಖ ನೋಡುತ್ತೇನೆ. ಅವರೆಲ್ಲ ನಿಜಕ್ಕೂ ಸೋತವರು; ನನಗಾಗಿ ಸೋತವರಲ್ಲ.