ಎತ್ತು ಒಪ್ಪಿದ ಬಾಣ

ನನ್ನ ಮದುವೆಯಲ್ಲಿ ತವರಿನವರು ಹೊರ್ತಿಯಿಂದ ಒಂದು ಕಿಲಾರಿ ತಳಿಯ ಎತ್ತನ್ನು ನನ್ನ ಜೊತೆ ಕಳಿಸಿದ್ದರು. ದೇವರ ಹಿಪ್ಪರಗಿಯ ಹತ್ತಿರದ ಅತ್ತೆಮನೆಗೆ ಬಂದ ಹೊಸದರಲ್ಲಿ ನನ್ನ ಮುಖ ಕಂಡು ಸಂತೋಷಪಡುತ್ತಿದ್ದ ಜೀವ ಅದೊಂದೇ. ಗಂಡ ಇರಲಿಲ್ಲವೇ ಎಂದು ಕೇಳಬೇಡಿ. ಅವರಿಗೆ ಬಿಲ್ಲುಬಾಣದ ಮುಂದೆ ಹೆಂಡತಿಯೂ ಕಾಣುತ್ತಿರಲಿಲ್ಲ, ಹಸಿವೂ ಕಾಣುತ್ತಿರಲಿಲ್ಲ.

ನಮ್ಮದು ಬೇಡರ ಓಣಿ. ಐವತ್ತರ ದಶಕದ ಆ ದಿನಗಳಲ್ಲಿ ಕಡಲೆ ಹೊಲಗಳಿಗೆ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಹಿಂಡುಗಟ್ಟಿ ಬೀಳುತ್ತಿದ್ದವು. ಈಗ ಚಿಗರಿಗೆ ಕೈ ಹಚ್ಚಿದರೆ ಜೈಲು. ಆಗಲಿ ಬಿಡಿ, ಉಳಿದಿರುವುದೇ ಬೆರಳೆಣಿಕೆಯಷ್ಟು. ನಮ್ಮ ಎರೆಮಣ್ಣಿನ ಬಯಲಿನಲ್ಲಿ ಬೇಟೆಗಾರ ಅಡಗಲು ಒಂದು ಪೊದೆಯೂ ಇಲ್ಲ. ಅದಕ್ಕೇ ಎತ್ತಿನ ಮರೆ ಬೇಕು. ಚಿಗರಿ ಮನುಷ್ಯನನ್ನು ಕಂಡರೆ ಓಡುತ್ತದೆ, ಎತ್ತನ್ನು ಕಂಡರೆ ತನ್ನ ಪಾಡಿಗೆ ಮೇಯುತ್ತಿರುತ್ತದೆ. ಎತ್ತಿನ ಪಕ್ಕೆಗೆ ಅಂಟಿಕೊಂಡು ಹತ್ತಿರ ಹೋಗಿ, ಅದರ ಮರೆಯಿಂದಲೇ ಬಾಣ ಬಿಡಬೇಕು. ಮಾವ ನನ್ನ ಎತ್ತನ್ನು ಈ ಕೆಲಸಕ್ಕೆ ಪಳಗಿಸಿದ್ದರು.

ಆದರೆ ಬಾಣದ ತೂಕದ ಮಾತು ಬಂದರೆ ಅಪ್ಪ ಮಗ ಇಬ್ಬರದೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಕಥೆ. ಮಾವನದು ಗಟ್ಟಿ ಬಿದಿರಿನ ಭಾರವಾದ ಬಾಣ. ನಮ್ಮವರದು ಹಳ್ಳದ ದಂಡೆಯ ಪೊಳ್ಳು ಕಡ್ಡಿಯ ಹಗುರ ಬಾಣ.

"ಹಗೂರ ಬಾಣ ಹಾರತೈತಿ ಖರೆ, ಒಳಗ ಹೊಗೂದಿಲ್ಲ," ಎನ್ನುತ್ತಿದ್ದರು ಮಾವ. "ಪಾಪ, ಆ ಚಿಗರಿ ಮೈಯಾಗ ಕಡ್ಡಿ ಇಟಗೊಂಡು ನಾಕ ಊರು ತಿರಗತೈತಿ."

"ನಿನ್ನ ಬಾಣ ಬಿಲ್ಲು ಬಿಟ್ಟು ಹೊಂಡೂದರಾಗ ಚಿಗರಿ ಇಂಡಿ ಊರ ಮುಟ್ಟಿರತೈತಿ ಬಿಡಪ್ಪಾ," ಎಂದು ಮಗನ ಉತ್ತರ. ಇದನ್ನು ಕೇಳಿ ಕೇಳಿ ನನಗೆ ರೊಟ್ಟಿ ಬಡಿಯುವ ಸದ್ದೇ ಹಿತವೆನಿಸುತ್ತಿತ್ತು.

ಒಂದು ಮುಂಜಾನೆ ನಮ್ಮವರು ಅಪ್ಪನಿಗೆ ಹೇಳದೆ ತಮ್ಮ ಹಗುರ ಬಾಣಗಳೊಂದಿಗೆ ಎತ್ತನ್ನು ಹೊಡೆದುಕೊಂಡು ಹೋದರು. ಬಾಣ ಹಗುರವಾದಷ್ಟೂ ಬಿಲ್ಲಿನ ಬಲವೆಲ್ಲ ಅದರ ಜೊತೆ ಹೋಗುವುದಿಲ್ಲ, ಉಳಿದದ್ದು ಹೆದೆಯಲ್ಲಿ ಸದ್ದಾಗಿ ಸಿಡಿಯುತ್ತದೆ. ಎತ್ತಿನ ಮರೆಯಿಂದ ಅವರು ಬಾಣ ಬಿಟ್ಟಾಗ ಆ ಸದ್ದಿಗೆ ಚಿಗರಿ ಬಗ್ಗಿತು, ಬಾಣ ಅದರ ಬೆನ್ನ ಮೇಲೆ ಹಾರಿ ಕಡಲೆ ಗಿಡಕ್ಕೆ ಬಿತ್ತು. ಕಿವಿಯ ಪಕ್ಕದಲ್ಲೇ ಹೆದೆ ಸಿಡಿದಿದ್ದಕ್ಕೆ ಎತ್ತು ಬೆದರಿ ಊರ ಕಡೆ ಓಟ ಕಿತ್ತಿತು. ಅಂಗಳಕ್ಕೆ ನುಗ್ಗಿದಾಗ ಅದರ ಕೋಡಿಗೆ ನಮ್ಮವರ ರುಮಾಲು ಸಿಕ್ಕಿಕೊಂಡಿತ್ತು. ಬಹಳ ಹೊತ್ತಿನ ಮೇಲೆ ರುಮಾಲಿನ ಮಾಲೀಕರು ಕುಂಟುತ್ತಾ ಬಂದರು. ಓಣಿಯೆಲ್ಲ ನಕ್ಕಿತು. ನಾನೂ ಸೆರಗು ಬಾಯಿಗೊತ್ತಿ ನಕ್ಕೆ.

ಮಾವ ಮಾತ್ರ ನಗಲಿಲ್ಲ. "ಬೆದರಿದ ಎತ್ತು ಬ್ಯಾಟಿಗೆ ಬರೂದಿಲ್ಲ. ಬರೂ ಸಂತಿಗೆ ಮುದ್ದೇಬಿಹಾಳಕ್ಕ ಹೊಡದು ಮಾರೂದ ಚಲೋ," ಎಂದರು.

ತವರಿನಿಂದ ನನ್ನ ಜೊತೆ ನಡೆದು ಬಂದ ಜೀವವನ್ನು ಯಾರೋ ಹಗ್ಗ ಹಿಡಿದು ಒಯ್ಯುವುದೆಂದರೆ ಏನು? ಮಾವನ ಎದುರು ಬಾಯಿ ತೆರೆಯುವ ಧೈರ್ಯ ಇರಲಿಲ್ಲ. ಸಿಟ್ಟೆಲ್ಲ ಗಂಡನ ಮೇಲೆ ತಿರುಗಿತು.

"ಬೆದರಿಸಿದವರು ನೀವು, ಮಾರೂದು ನನ್ನ ಎತ್ತೇನ್ರಿ? ಬಿಲ್ಲು ತಗೊಂಡು ಹಿತ್ತಲಕ್ಕ ಬರ್ರಿ!"

ಬಂದರು, ಪಾಪ. ನಾನು ಎತ್ತಿನ ಮೂಗುದಾಣ ಹಿಡಿದು, ಇನ್ನೊಂದು ಕೈ ಅದರ ಕೊರಳ ಮೇಲಿಟ್ಟು ನಿಂತೆ. ಅವರು ಪಕ್ಕದಲ್ಲಿ ನಿಂತು ಜೋಳದ ಕಣಿಕೆಯ ಬಣವೆಗೆ ಬಾಣ ಬಿಟ್ಟರು. ಹಗುರ ಬಾಣಕ್ಕೆ ಎತ್ತಿನ ತೊಗಲೆಲ್ಲ ಅದುರಿತು. ಮಾವನ ಭಾರದ ಬಾಣ ಬಿಡಿಸಿದಾಗ ಅದು ಕಿವಿಯನ್ನೂ ಅಲ್ಲಾಡಿಸಲಿಲ್ಲ.

"ಇದ ಬಾಣ ಒಯ್ರಿ ಹಂಗಾರ," ಎಂದೆ.

"ಇದು ಬೇಗ ನೆಲಕ್ಕ ಬೀಳತೈತಿ. ನನ್ನ ಗುರಿಗೆ ಹೊಂದೂದಿಲ್ಲ," ಎಂದು ಮುಖ ಸಪ್ಪಗೆ ಮಾಡಿದರು. ಆಮೇಲೆ ಪೊಳ್ಳು ಕಡ್ಡಿಯ ಮುಂದಿನ ತುದಿಗೆ ಗೇಣುದ್ದದ ಜಾಲಿ ತುಂಡು ಸೇರಿಸಿ, ನಾರು ಸುತ್ತಿ, ಅದರ ಮೂತಿಗೆ ಕಬ್ಬಿಣದ ಮೊನೆ ಕೂಡಿಸಿದರು. ಅದಕ್ಕೂ ಎತ್ತು ಅದುರಿತು. ತೂಕ ಹೆಚ್ಚಲೆಂದು ಜಾಲಿ ತುಂಡನ್ನು ಉದ್ದ ಮಾಡಿಸಿದೆ. ಮತ್ತೂ ಉದ್ದ. ಸಂತೆಯ ಹಿಂದಿನ ದಿನದವರೆಗೂ ಇದೇ ನಡೆಯಿತು. ಅಂದು ಮುಂಜಾನೆ ಕೊನೆಗೊಂದು ಬಾಣ ಬಿಟ್ಟಾಗ ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಲಿಲ್ಲ. ನಾನು ಅದರ ಕೊರಳು ತಬ್ಬಿಕೊಂಡು ಅತ್ತುಬಿಟ್ಟೆ.

ಅಂದೇ ಅವರು ಎತ್ತಿನೊಂದಿಗೆ ಹೊಲಕ್ಕೆ ಹೋದರು. ಈ ಸಲ ಮಾವನಿಗೆ ಹೇಳಿಯೇ. ನನಗೆ ಒಲೆಯ ಮುಂದೆ ಕೂರಲಾಗಲಿಲ್ಲ, ಬಾಗಿಲಿಗೂ ಅಂಗಳಕ್ಕೂ ಅಲೆದೆ. ಬಿಸಿಲೇರಿದ ಮೇಲೆ ಎತ್ತು ನಿಧಾನವಾಗಿ, ಗೌಡರ ಗತ್ತಿನಲ್ಲಿ ನಡೆದು ಬಂತು. ಅದರ ಬೆನ್ನ ಮೇಲೆ ಚಿಗರಿ ಇತ್ತು. ಒಂದೇ ಬಾಣಕ್ಕೆ ಬಿದ್ದಿತ್ತಂತೆ.

ನಮ್ಮ ಓಣಿಯಲ್ಲಿ ಬೇಟೆ ಹಂಚುವಾಗ ಮರೆಗೆ ನಿಂತ ಎತ್ತಿಗೂ ಒಂದು ಪಾಲು ಇಡುತ್ತಿದ್ದರು. ಎತ್ತು ಮಾಂಸ ತಿನ್ನುತ್ತದೆಯೇ? ಆ ಪಾಲು ಅದರ ಮಾಲೀಕನಿಗೆ. ಹೆಂಗಸರ ಕೈಗೆ ಅದು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಮಾವ ಆ ಪಾಲನ್ನು ಮುತ್ತುಗದ ಎಲೆಯ ಮೇಲಿಟ್ಟುಕೊಂಡು, ಕೂತ ಗಂಡಸರನ್ನೆಲ್ಲ ದಾಟಿ, ಅಡುಗೆಮನೆಯ ಬಾಗಿಲಿಗೆ ಬಂದರು.

"ತಗೋ ಯವ್ವಾ," ಎಂದರು. "ಎತ್ತು ನಿಂದು."