ಬಾಳೆಗಿಡಕ್ಕೆ ಹೋದ ನೀರು

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ಊರುಗಳ ಸುದ್ದಿ ಬರೆಯುವುದು ನನ್ನ ಕೆಲಸ. ನಾಲ್ಕೂ ಬೆಳೆಯುತ್ತಿರುವ ರೀತಿ ಒಂದೇ. ಮೊದಲು ಹೊಲದಲ್ಲಿ ಗಡಿಕಲ್ಲು ನೆಡುತ್ತಾರೆ, ಆಮೇಲೆ ಮನೆಗಳು ಏಳುತ್ತವೆ, ಗಟಾರದ ಮಾತು ಕೊನೆಗೆ ಬರುತ್ತದೆ. ಪೈಪು ಹೂಳಲು ಅನುದಾನ ಒಮ್ಮೆ ಸಿಗುತ್ತದೆ, ನಡೆಸಿಕೊಂಡು ಹೋಗಲು ಜನರೇ ತಿಂಗಳ ಶುಲ್ಕ ಕಟ್ಟಬೇಕು ಎಂದು ಎಷ್ಟೋ ಸಲ ಬರೆದಿದ್ದೇನೆ. ಹಾಗಾಗಿ ಸವಣೂರಿನ ನಮ್ಮ ಓಣಿಗೆ ಒಳಚರಂಡಿ ಬಂದಾಗ ತಡಮಾಡದೆ ಅರ್ಜಿ ಕೊಟ್ಟೆ. ನನಗಿಂತ ಮೊದಲು ಕೊಟ್ಟವರು ಒಬ್ಬರೇ, ಓಣಿಯ ತಗ್ಗಿನ ತುದಿಯಲ್ಲಿರುವ, ಎಲ್ಲರೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುವ ಹೆಂಗಸು.

ಆಪಾ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಹತ್ತಿಮತ್ತೂರಿನಿಂದಲೂ ಹೆಂಗಸರು ಬಸ್ಸು ಹತ್ತಿ ಅಳತೆ ಕೊಡಲು ಬರುತ್ತಾರೆ, ಬಂದವರು ಚಹಾ ಕುಡಿದು, ಊರ ಸುದ್ದಿ ಮುಗಿಸಿಯೇ ಏಳುತ್ತಾರೆ. ಅವರ ಹಿತ್ತಲಲ್ಲಿ ಬಾವಿಗೂ ಪಾಯಖಾನೆಯ ಗುಂಡಿಗೂ ಹತ್ತು ಹೆಜ್ಜೆಯ ಅಂತರ. ಪೈಪು ಬಂದ ವಾರವೇ ಗುಂಡಿಗೆ ಮಣ್ಣು ತುಂಬಿಸಿ, ಅದರ ಮೇಲೆ ಬಟ್ಟೆ ಕತ್ತರಿಸುವ ಕೋಣೆ ಕಟ್ಟಿಸಿಕೊಂಡರು. ಹಳೆಯ ವ್ಯವಸ್ಥೆಗೆ ಮರಳುವ ದಾರಿ ಅಲ್ಲಿಗೆ ಮುಗಿಯಿತು.

ಮೂರೇ ತಿಂಗಳಲ್ಲಿ ಪೈಪು ಕಟ್ಟಿಕೊಂಡು, ಹೊಲಸು ತಗ್ಗಿನಲ್ಲಿದ್ದ ಆಪಾ ಅವರ ಪಾಯಖಾನೆಯಲ್ಲಿ ಉಕ್ಕಿ ಮನೆಯೊಳಗೆ ಬಂತು. ಪೈಪು ತೊಳೆಯುವ ಗಾಡಿ ಎರಡು ಊರಿಗೆ ಒಂದೇ. ಪಾಳಿ ಬಂದ ದಿನ ಬಂದು ತೊಳೆದು ಹೋಯಿತು. ಎರಡು ವಾರದಲ್ಲಿ ಮತ್ತದೇ. ಗಿರಾಕಿಗಳು ಹೊಸ್ತಿಲಲ್ಲೇ ನಿಂತು ಅಳತೆ ಕೊಡತೊಡಗಿದರು. ಆಮೇಲೆ ಬರುವುದನ್ನೇ ಬಿಟ್ಟರು. ಇನ್ನೊಂದು ಸಲ ಹೀಗಾದರೆ ಮಷಿನ್ ಎತ್ತಿಕೊಂಡು ಬಂಕಾಪುರದ ತವರಿಗೆ ಹೋಗುತ್ತೇನೆ ಎಂದು ಆಪಾ ನಮ್ಮ ಅವ್ವನಿಗೆ ಹೇಳಿದರು. ದನಿ ಏರಿಸಲಿಲ್ಲ. ನಿಜವಾಗಿಯೂ ಹೋಗುತ್ತಾರೆ ಅಂತ ನನಗೆ ಅನ್ನಿಸಿದ್ದು ಅದಕ್ಕೇ.

ನಾನು ವರದಿ ಬರೆದೆ. ಪೈಪಿನ ಇಳಿಜಾರು ಸರಿಯಿಲ್ಲ, ಕಾಮಗಾರಿ ಕಳಪೆ ಎಂದು ಓಣಿಯ ಜನ ಆಡಿದ್ದನ್ನು ನಂಬಿದೆ. ಮರುದಿನ ಇಂಜಿನಿಯರ್ ಫೋನ್ ಮಾಡಿ, ಇಳಿಜಾರು ಅಳೆದವರು ಯಾರು ಎಂದಷ್ಟೇ ಕೇಳಿದರು. ಯಾರೂ ಅಳೆದಿರಲಿಲ್ಲ. ಮುಂದಿನ ಪಾಳಿಯ ದಿನ ಗಾಡಿಯ ಬೆನ್ನು ಹತ್ತಿದೆ.

ಗಾಡಿ ನಡೆಸುವವನು ನಡುವಯಸ್ಸಿನ ಮನುಷ್ಯ, ಮಾತು ಕಡಿಮೆ. ನಮ್ಮ ಮನೆ ಓಣಿಯ ಏರಿನ ತುದಿಯಲ್ಲಿದೆ, ಪೈಪು ಶುರುವಾಗುವುದು ಅಲ್ಲಿಂದಲೇ. ಅವನು ಅಲ್ಲಿಯ ಮುಚ್ಚಳ ಎತ್ತಿ, ಟಾರ್ಚ್ ಹಿಡಿದು, ನೀವೇ ನೋಡಿ ಎಂದು ಸರಿದು ನಿಂತ. ಒಳಗೆ ಹೊಲಸು ಒಣಗಿ ಕೂತಿತ್ತು.

“ನಿಮ್ಮ ಮನಿ ಬಚ್ಚಲ ನೀರು ಎಲ್ಲಿಗಿ ಹೋಗ್ತೈತ್ರಿ?” ಎಂದ.

ಹಿತ್ತಲ ಕಡೆ ಕೈ ತೋರಿಸಿದೆ. ಅಲ್ಲಿ ಅವ್ವನ ಬಾಳೆಗಿಡಗಳು ಇವೆ. ಅವನು ಓಣಿಯುದ್ದಕ್ಕೂ ಮನೆ ಮನೆಗೆ ಅದೇ ಪ್ರಶ್ನೆ ಕೇಳುತ್ತ ಇಳಿದ, ಎಲ್ಲರೂ ಹಿತ್ತಲಿಗೇ ಕೈ ತೋರಿಸಿದರು. ಒಂದು ಕಡೆ ಬಾಳೆ, ಇನ್ನೊಂದು ಕಡೆ ಕೆಸುವಿನ ಎಲೆ, ಮತ್ತೊಂದು ಕಡೆ ಕರಿಬೇವು. ನಮ್ಮಲ್ಲಿ ನಳದ ನೀರು ದಿನ ಬಿಟ್ಟು ದಿನ ಬರುವುದೂ ಭಾಗ್ಯ. ಮಿಂದ ನೀರನ್ನು ಕಣ್ಣಿಗೆ ಕಾಣದ ಪೈಪಿಗೆ ಬಿಡುವುದು ಯಾರಿಗೂ ಹೊಳೆದಿರಲೇ ಇಲ್ಲ. ಎಲ್ಲರೂ ಪಾಯಖಾನೆಯನ್ನು ಮಾತ್ರ ಜೋಡಿಸಿದ್ದೆವು.

“ಪೈಪ್ ಸರಿ ಐತ್ರಿ ಸರ,” ಎಂದ ಅವನು. “ಓಣ್ಯಾಗ ಎಲ್ಲಾರೂ ಹೊಲಸಷ್ಟ ಕಳಸ್ತೀರಿ, ನೀರ ನೀವ ಇಟ್ಕೊಂತೀರಿ. ಅದು ಕಾಲಿಲ್ಲದ ಹೆಂಗ ನಡೀಬೇಕು?”

ಅವ್ವ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. ಓಣಿಯ ಯಾವ ಮನೆಯ ಊಟಕ್ಕೂ ಎಲೆ ಹೋಗುವುದು ಅವಳ ಹಿತ್ತಲಿನಿಂದ. ಆ ಗಿಡಗಳಿಗೆ ನೀರು ತಪ್ಪಿಸುವ ಮಾತನ್ನು ನಾನು ಹೇಗೆ ಎತ್ತಲಿ ಎಂದು ಯೋಚಿಸುತ್ತಿದ್ದೆ. ಅವಳೇ ಎತ್ತಿದಳು.

“ನಮ್ಮ ಬಾಳಿ ಬದುಕಬೇಕಂತ ಆಕಿ ಮನ್ಯಾಗ ಹೊಲಸ ತುಂಬಸೂದು ಯಾವ ನ್ಯಾಯ? ಬಚ್ಚಲ ನೀರ ಪೈಪಿಗೆ ತಿರುಗಸು. ಅಕ್ಕಿ ತೊಳದ ನೀರ ಗಿಡಕ್ಕ ಸಾಕು.”

ಸಂಜೆಗೆ ಪ್ಲಂಬರ್ ಬಂದ. ಉಳಿದ ಮನೆಗಳಿಗೆ ಅವ್ವನೇ ಹೋದಳು. ನನ್ನ ವರದಿಯಿಂದ ಆಗದ್ದು ಅವಳು ಬಾಗಿಲು ಬಾಗಿಲಿಗೆ ಹೋಗಿ ಆಡಿದ ಮಾತಿನಿಂದ ಎರಡು ವಾರದಲ್ಲಿ ಆಯಿತು. ಇಬ್ಬರು ಗೊಣಗಿದರು, ಆದರೂ ಜೋಡಿಸಿದರು. ಪತ್ರಿಕೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬರೆದೆ: ಪೈಪಿನ ಇಳಿಜಾರು ಸರಿಯಿದೆ, ನೀರು ಸಾಲದೆ ಕಟ್ಟಿಕೊಂಡಿತ್ತು, ನೀರು ಬಿಡದವರಲ್ಲಿ ವರದಿಗಾರನ ಮನೆಯೂ ಒಂದು. ಸಂಪಾದಕರು ಕೊನೆಯ ಮಾತು ಬೇಕೇ ಎಂದರು. ಬೇಕು ಎಂದೆ.

ಮುಂದಿನ ಪಾಳಿಗೆ ಬಂದ ಗಾಡಿಯವನು ಮುಚ್ಚಳ ಎತ್ತಿ ನೋಡಿ, ತೊಳೆಯುವ ಕೆಲಸವಿಲ್ಲವೆಂದು ಗಾಡಿಯ ಕೊಳವೆ ಬಿಚ್ಚದೆ ಹೊರಟ. ಅದರ ಮುಂದಿನ ಸಲವೂ ಹಾಗೇ.

ಮೊನ್ನೆ ಅವ್ವನ ಜೊತೆ ಆಪಾ ಅವರ ಮನೆಗೆ ಹೋದಾಗ, ಹತ್ತಿಮತ್ತೂರಿನ ಮೂವರು ಹೆಂಗಸರು ಒಳಗೆ ಕೂತು ಚಹಾ ಕುಡಿಯುತ್ತಿದ್ದರು. ಆಪಾ ಅವ್ವನ ಅಳತೆ ತೆಗೆದುಕೊಳ್ಳುತ್ತ, ಈ ಸಲ ನಿಮ್ಮ ಬಾಳಿಗೊನಿ ಸಣ್ಣ ಆಗೇತಲ್ರಿ ಎಂದರು.

“ಗೊನಿ ಸಣ್ಣ ಆಗೇತಿ, ನಾ ಆಗಿಲ್ಲ,” ಎಂದಳು ಅವ್ವ. “ಬಿಗಿ ಹೊಲಿಬ್ಯಾಡ.”