ದೊಡ್ಡ ರಾಣಿ ಏನಾದಳು

ನಂಜನಗೂಡಿನ ನಮ್ಮ ಮನೆಯಲ್ಲಿ ಮಧ್ಯಾಹ್ನ ಉಂಡ ಮೇಲೆ ಒಂದು ಗಳಿಗೆ ಕಾಲು ಚಾಚೋಣವೆಂದರೆ ಅತ್ತೆ ಬಿಡುತ್ತಿರಲಿಲ್ಲ. "ಪುಸ್ತ್ಕ ತಕ್ಕಬಾ ಮಗ" ಅನ್ನೋರು. ತೊಂಬತ್ತರ ದಶಕದ ಕೊನೆಯ ಮಾತಿದು. ಲೈಬ್ರರಿಯಿಂದ ಆ ದಪ್ಪ ಕಾದಂಬರಿ ತಂದವಳು ನಾನೇ. ಯಾವುದೋ ಕಾಲದ ಅರಮನೆ, ಒಬ್ಬ ರಾಜ, ಹಣೆಬರಹ ಕೆಟ್ಟ ಅವನ ರಾಣಿಯರು. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗಾಗಿತ್ತು ನನಗೆ.

ಅತ್ತೆಗೆ ಅಕ್ಷರ ಬಾರದು, ಕಟ್ಟುಪಾಡು ಮಾತ್ರ ಬಲ್ಲರು. ಪುರಾಣ ಓದಿಸುವಾಗ ಸಾವು ಬಂದ ಕಡೆ ನಿಲ್ಲಿಸಬಾರದು, ಮದುವೆಯೋ ಪಟ್ಟಾಭಿಷೇಕವೋ ಬಂದ ಮೇಲೇ ಮುಚ್ಚಬೇಕು. ಇದು ಪುರಾಣವಲ್ಲ ಅತ್ತೆ ಅಂದರೆ ಕೇಳಬೇಕಲ್ಲ! ಒಬ್ಬ ರಾಣಿ ಬಾಣಂತನದಲ್ಲಿ ಸತ್ತಳೆಂದು ಅಳುತ್ತಲೇ, "ಮುಂದ್ಕೋದು, ಒಳ್ಳೇದು ಬರ್ಲಿ" ಅನ್ನೋರು. ಆ ಪುಸ್ತಕದಲ್ಲಿ ಒಳ್ಳೇದು ಅಂದರೆ ಒಂದೇ, ರಾಜನ ಮುಂದಿನ ಮದುವೆ. ಗಂಟಲು ಒಣಗುವ ತನಕ ಓದಿ, ತಾಳಿ ಕಟ್ಟಿಸಿ ಮುಚ್ಚುತ್ತಿದ್ದೆ. ಎದ್ದರೆ ಬಚ್ಚಲ ತುಂಬ ಪಾತ್ರೆ. ಸಾಕಪ್ಪಾ ಸಾಕು ಅನಿಸೋದು.

ಆ ವರ್ಷ ಮೂಗೂರಿಗೆ ಕೊಟ್ಟಿದ್ದ ನಾದಿನಿ ನಮ್ಮಲ್ಲೇ ಬಂದು ಇದ್ದಳು. ಮಕ್ಕಳಾಗಲಿಲ್ಲವೆಂದು ಅವಳ ಗಂಡನಿಗೆ ಇನ್ನೊಂದು ಹೆಣ್ಣು ನೋಡಿದ್ದರು. ಇವಳು ಹಿರಿಯರ ಮುಂದೆ ಹೂಂ ಅನ್ನುವುದೊಂದೇ ಬಾಕಿ. "ಒಪ್ಕೊಂಡ್ಬುಡವ್ವ, ಒಂದ್ ಮೂಲೇಲಿ ಬಿದ್ದಿರು, ಅನ್ನಕ್ಕೇನ್ ಕಮ್ಮಿ" ಎಂದು ಅತ್ತೆ ದಿನಾ ಅನ್ನೋರು. ನನಗೆ ಮೈಯೆಲ್ಲ ಉರಿಯೋದು. ಸೊಸೆಯ ಮಾತು ಯಾರಿಗೆ ಬೇಕಿತ್ತು?

ಮೂಗೂರಿನವರು ಬರುವ ಹಿಂದಿನ ದಿನ ಮಧ್ಯಾಹ್ನ, ಕಥೆಯಲ್ಲಿ ದೊಡ್ಡ ರಾಣಿ ಬದುಕಿರುವಾಗಲೇ ರಾಜ ಕಿರಿಯವಳಿಗೆ ತಾಳಿ ಕಟ್ಟಿದ. ಸದ್ಯ ಇವತ್ತು ಬೇಗ ಮುಗೀತು ಅಂತ ಪುಸ್ತಕ ಮುಚ್ಚಹೋದೆ.

ಅಕ್ಕಿ ಆರಿಸುತ್ತಿದ್ದ ನಾದಿನಿ ತಲೆ ಎತ್ತದೆ ಅಂದಳು, "ಮುಚ್ಬೇಡ ಅತ್ಗೆ. ಆ ದೊಡ್ಡೋಳು ಏನಾದ್ಲು, ಓದು."

ಓದಿದೆ. ಮೆರವಣಿಗೆ, ದರ್ಬಾರು, ಕಿರಿಯವಳ ಸೀಮಂತ. ಹಾಳೆ ಮೇಲೆ ಹಾಳೆ ತಿರುವಿದೆ. ದೊಡ್ಡ ರಾಣಿಯ ಸುದ್ದಿಯೇ ಇಲ್ಲ. ಸತ್ತಳು ಅಂತಲಾದರೂ ಬರೆಯಬಾರದಿತ್ತೇ ಪುಣ್ಯಾತ್ಮ!

"ಇಲ್ಲ ಕಣೆ," ಅಂದೆ.

"ಮೂಲೆ ಅಂದ್ರೆ ಇಂಗೇ ಅಲ್ವವ್ವ?" ಅಂತ ಅವಳು ಅತ್ತೆಯನ್ನು ಕೇಳಿದಳು. ರಾಣಿಯರಿಗೆಲ್ಲ ಕಣ್ಣೀರಿಟ್ಟ ಅತ್ತೆ ಅವತ್ತು ಅಳಲಿಲ್ಲ. ರಾತ್ರಿ ಊಟಕ್ಕೂ ಏಳಲಿಲ್ಲ.

ಮಾರನೆಯ ದಿನ ಮೂಗೂರಿನ ಹಿರಿಯರು ಜಗಲಿ ಮೇಲೆ ಕೂತು, ಹುಡುಗೀನ ಕರೀರಿ, ಒಂದು ಮಾತು ಹೇಳಿಬಿಡಲಿ ಅಂದರು. ಮಗಳನ್ನು ಒಳಗೇ ಕೂರಿಸಿ ಅತ್ತೆ ತಾವೇ ಬಂದು ಬಾಗಿಲಲ್ಲಿ ನಿಂತರು.

"ನಮ್ ಎಣ್ಣು ಇನ್ನೂ ಬದ್ಕವ್ಳೆ ಕಣ್ರಪ್ಪಾ. ಓಗ್ಬನ್ನಿ."